ಆಪರೇಷನ್‌ಗೆ ಮುಂಚಿನ ಮಾತ್ರೆಗಳು: ಬಾಯಿಮಾತು ಸಾಲದು, ಬರೆದುಕೊಡಿ

ಮಾನ್ಯ ಸಂಪಾದಕರೇ,

ಆಪರೇಷನ್‌ಗೆ ದಿನ ಗೊತ್ತಾಯಿತು ಎಂದಾಕ್ಷಣ ಮನೆಯವರು ಕೇಳುವ ಪ್ರಶ್ನೆ, ‘ದಿನಾ ತಗೊಳ್ಳೋ ಮಾತ್ರೆಗಳನ್ನ ಏನ್ ಮಾಡೋದು?’ ಸಿಗುವ ಉತ್ತರ ಹೆಚ್ಚಾಗಿ ಎರಡರಲ್ಲೊಂದು: ‘ಎಲ್ಲ ನಿಲ್ಲಿಸಿಬಿಡಿ’ ಅಥವಾ ‘ಯಾವಾಗಿನ ಹಾಗೆ ತಗೊಳ್ಳಿ’. ಎರಡೂ ತಪ್ಪು. ಬಿಪಿಗೆಂದು ಒಬ್ಬರೇ ನುಂಗುವ ಮೂರು ಮಾತ್ರೆಗಳಲ್ಲಿ ಒಂದನ್ನು ಹಿಂದಿನ ದಿನದಿಂದಲೇ ಬಿಡಬೇಕಾಗಬಹುದು, ಇನ್ನೊಂದನ್ನು ಆ ದಿನ ಬೆಳಗ್ಗೆ ಮಾತ್ರ ಬಿಡಬೇಕಾಗಬಹುದು, ಮೂರನೆಯದನ್ನು ಯಾವ ಕಾರಣಕ್ಕೂ ಬಿಡಕೂಡದು. ಇಷ್ಟನ್ನು ಗಡಿಬಿಡಿಯಲ್ಲಿ ಫೋನಿನಲ್ಲಿ ಹೇಳಿ, ಕೇಳಿದವರು ಅದನ್ನು ನೆನಪಿಟ್ಟು ಮನೆಯ ಹಿರಿಯರಿಗೆ ದಾಟಿಸಬೇಕು ಎಂದರೆ ಎಡವಟ್ಟಾಗದೆ ಇನ್ನೇನಾದೀತು?

ನಮ್ಮ ಮಾತು ಇಷ್ಟೇ. ಆಪರೇಷನ್‌ನ ದಿನಾಂಕ ಬರೆದುಕೊಡುವ ಚೀಟಿಯಲ್ಲೇ ಮಾತ್ರೆಗಳ ಲೆಕ್ಕವೂ ಬರವಣಿಗೆಯಲ್ಲಿ ಇರಬೇಕು. ಒಂದೊಂದು ಮಾತ್ರೆಯ ಎದುರಿಗೆ ಮೂರು ಕಾಲಂ: ಕೊನೆಯ ಡೋಸ್ ಯಾವ ದಿನ ಯಾವ ಹೊತ್ತು, ಆಪರೇಷನ್ ದಿನ ಬೆಳಗ್ಗೆ ಬೇಕೋ ಬೇಡವೋ, ಮತ್ತೆ ಶುರು ಮಾಡುವುದು ಯಾವಾಗ. ಕೆಳಗಿನ ದಿನಗಳ ಲೆಕ್ಕವೆಲ್ಲ ಸಾಮಾನ್ಯ ಲೆಕ್ಕ. ಆಪರೇಷನ್ ಯಾವುದು, ಕಿಡ್ನಿ ಹೇಗಿದೆ, ಹೃದಯ ಹೇಗಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಇದನ್ನು ಕತ್ತರಿಸಿಟ್ಟುಕೊಂಡು ತಾವಾಗಿಯೇ ಮಾತ್ರೆ ಬಿಡುವವರಿಗಾಗಿ ಈ ಪತ್ರ ಬರೆದಿಲ್ಲ. ವೈದ್ಯರ ಮುಂದೆ ಕೂತಾಗ ಏನು ಕೇಳಬೇಕೆಂದು ತಿಳಿದಿರಲಿ ಎಂದು ಬರೆದದ್ದು.

ಮೊದಲು ‘ಹೊಟ್ಟೆ ಖಾಲಿ ಇರಲಿ’ ಎಂಬ ಮಾತನ್ನೇ ಬಿಡಿಸಿ ನೋಡೋಣ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ಉಪವಾಸ ಇರುವುದು ಅದಕ್ಕಾಗಿ. ಕರಿದದ್ದು, ಜಿಡ್ಡು, ಮಾಂಸದ ಊಟಕ್ಕೆ 8 ಗಂಟೆ ಅಂತರ ಬೇಕು. ಹಗುರ ತಿಂಡಿಗೆ 6 ಗಂಟೆ, ಎದೆಹಾಲಿಗೆ 4 ಗಂಟೆ. ನೀರು, ಹಾಲಿಲ್ಲದ ಚಹಾ, ತಿರುಳಿಲ್ಲದ ತಿಳಿ ಹಣ್ಣಿನ ರಸಕ್ಕೆ 2 ಗಂಟೆ ಸಾಕು. ಹಾಲು ನೋಡಲು ದ್ರವ, ಹೊಟ್ಟೆಗಿಳಿದ ಮೇಲೆ ಗಟ್ಟಿ ಆಹಾರದ ಲೆಕ್ಕ. ಹಾಗಾಗಿ ಹಾಲು ಹಾಕಿದ ಅರ್ಧ ಲೋಟ ಚಹಾ ಕುಡಿದು ಬಂದವರ ಆಪರೇಷನ್ ಮುಂದಕ್ಕೆ ಹೋದರೆ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಇನ್ನೊಂದು ಕಡೆ, ರಾತ್ರಿ ಒಂಬತ್ತರಿಂದ ಮರುದಿನ ಮಧ್ಯಾಹ್ನದವರೆಗೆ ಒಂದು ತೊಟ್ಟು ನೀರೂ ಕೊಡದೆ ವಯಸ್ಸಾದವರನ್ನು ಒಣಗಿಸುವುದೂ ತಪ್ಪೇ. ಇದಕ್ಕಿಂತ ದೊಡ್ಡ ತಪ್ಪು ಮತ್ತೊಂದಿದೆ. ‘ಏನೂ ಬಾಯಿಗೆ ಹಾಕಬೇಡಿ’ ಎಂದದ್ದರಲ್ಲಿ ಮಾತ್ರೆಯೂ ಸೇರಿತು ಎಂದುಕೊಳ್ಳುವುದು. ಬೇಕೆಂದು ಹೇಳಿದ ಮಾತ್ರೆಯನ್ನು ಒಂದೆರಡು ಗುಟುಕು ನೀರಿನಲ್ಲಿ ನುಂಗಲೇಬೇಕು. ಅಷ್ಟು ನೀರು ಯಾವ ಅರಿವಳಿಕೆಗೂ ಅಡ್ಡಿಯಲ್ಲ.

ಇನ್ನು ಮಾತ್ರೆಯ ಹೆಸರಿನ ಗೊಂದಲ. ಸ್ಟ್ರಿಪ್‌ನ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಒಳಗೆ ಏನಿದೆ ಎಂಬುದು ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ಈಗ ಎರಡು ಮೂರು ಔಷಧ ಸೇರಿಸಿದ ಮಾತ್ರೆಗಳೇ ಜಾಸ್ತಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮೂರೂ ಇರುವ ಒಂದೇ ಕ್ಯಾಪ್ಸೂಲ್ ತಗೊಳ್ಳೋರಿಗೆ ‘ಕ್ಲೊಪಿಡೊಗ್ರೆಲ್ ನಿಲ್ಲಿಸಿ’ ಎಂದರೆ ಮೂರೂ ಒಟ್ಟಿಗೆ ನಿಂತುಹೋಗುತ್ತವೆ. ನಿಲ್ಲಬೇಕಾದದ್ದು ಒಂದು, ಉಳಿದೆರಡು ಹೃದಯವನ್ನು ಕಾಯುತ್ತಿದ್ದವು. ಟೆಲ್ಮಿಸಾರ್ಟಾನ್, ಆಮ್ಲೊಡಿಪಿನ್, ಜೊತೆಗೆ ಮೂತ್ರ ಹೋಗಿಸುವ ಔಷಧ ಸೇರಿದ ಬಿಪಿ ಮಾತ್ರೆಯ ಕಥೆಯೂ ಇದೇ. ಮೆಟ್‌ಫಾರ್ಮಿನ್ ಒಳಗೆ ಡಾಪಾಗ್ಲಿಫ್ಲೋಜಿನ್ ಅಡಗಿ ಕೂತಿರುವ ಸಕ್ಕರೆ ಮಾತ್ರೆ ಇನ್ನೂ ಅಪಾಯಕಾರಿ. ಕಾರಣ ಮುಂದೆ ಹೇಳುತ್ತೇವೆ. ಇಂಥ ಕಡೆ ‘ಇದನ್ನು ಬಿಡಿ’ ಎಂದರೆ ಸಾಲದು, ಬಿಟ್ಟ ಮಾತ್ರೆಯಲ್ಲಿ ಮುಂದುವರಿಯಬೇಕಾದ ಔಷಧವನ್ನು ಬಿಡಿಯಾಗಿ ಬರೆದುಕೊಡಬೇಕು. ರೋಗಿಯ ಕಡೆಯವರು ಮಾಡಬಹುದಾದ ಅತ್ಯುತ್ತಮ ಸಹಾಯವೆಂದರೆ ‘ಬಿಳಿ ಗುಂಡು ಮಾತ್ರೆ, ಕೆಂಪು ಉದ್ದ ಮಾತ್ರೆ’ ಎನ್ನದೆ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬರುವುದು.

ಅತಿ ಹೆಚ್ಚು ಅನಾಹುತ ಆಗುವುದು ‘ರಕ್ತ ತೆಳು ಮಾಡುವ ಮಾತ್ರೆ’ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದರಿಂದ. ಅಸಲಿಗೆ ಇವು ರಕ್ತವನ್ನು ತೆಳು ಮಾಡುವುದೇ ಇಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಅದೂ ಎರಡು ಬೇರೆ ದಾರಿಯಲ್ಲಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್, ಪ್ರಾಸುಗ್ರೆಲ್ ಪ್ಲೇಟ್‌ಲೆಟ್‌ಗಳ, ಅಂದರೆ ಒಂದಕ್ಕೊಂದು ಅಂಟಿ ಹೆಪ್ಪು ಕಟ್ಟುವ ರಕ್ತದ ಕಣಗಳ, ಕೈ ಕಟ್ಟುತ್ತವೆ. ವಾರ್ಫರಿನ್, ಅಸಿನೊಕೂಮರಾಲ್, ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಾಟ್ರಾನ್ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳ ಕೆಲಸಕ್ಕೆ ತಡೆ ಹಾಕುತ್ತವೆ. ಯಾವುದು ಎಷ್ಟು ದಿನ ಎಂಬುದು ಔಷಧದಿಂದ ಔಷಧಕ್ಕೆ ಬೇರೆ.

ಆಸ್ಪಿರಿನ್ ಒಂದು ಪ್ಲೇಟ್‌ಲೆಟ್ ಅನ್ನು ಮುಟ್ಟಿದರೆ ಅದು ಸಾಯುವವರೆಗೂ ಕೆಲಸಕ್ಕೆ ಬಾರದು. ಪ್ಲೇಟ್‌ಲೆಟ್‌ನ ಆಯುಸ್ಸು 7ರಿಂದ 10 ದಿನ; ಹಳೆಯವು ಸತ್ತು ಹೊಸವು ಬರಬೇಕು. ‘ಒಂದು ವಾರ ಮುಂಚೆ ನಿಲ್ಲಿಸಿ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು ಯಾವುದೂ ಆಗಿಲ್ಲದೆ, ಮುನ್ನೆಚ್ಚರಿಕೆಗೆಂದು ಸುಮ್ಮನೆ ತಗೊಳ್ಳುತ್ತಿದ್ದವರು ಹಾಗೆ ನಿಲ್ಲಿಸಬಹುದು. ಸ್ಟೆಂಟ್ ಹಾಕಿಸಿಕೊಂಡವರ ವಿಷಯವೇ ಬೇರೆ. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ಅದರ ಮೇಲೆ ನಾಳದ ಒಳಪದರ ಹಬ್ಬಿ ಮುಚ್ಚುವವರೆಗೆ ಬರಿಯ ಲೋಹ ರಕ್ತಕ್ಕೆ ತಾಗುತ್ತಲೇ ಇರುತ್ತದೆ. ಆಪರೇಷನ್ ಆದಾಗ ದೇಹ ತನ್ನಷ್ಟಕ್ಕೆ ಹೆಪ್ಪುಗಟ್ಟುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಆಸ್ಪಿರಿನ್ ಮತ್ತು ಅದರ ಜೊತೆಗೆ ಕೊಡುವ ಕ್ಲೊಪಿಡೊಗ್ರೆಲ್‌ನಂಥದ್ದು, ಎರಡೂ ಮಾತ್ರೆ ನಿಂತಿದ್ದರೆ ಸ್ಟೆಂಟ್ ಒಳಗೆ ಹೆಪ್ಪು ಕೂತು ನಾಳ ಪೂರ್ತಿ ಮುಚ್ಚಬಹುದು. ಇದು ಗಾಯದಿಂದ ಒಸರುವ ರಕ್ತಕ್ಕಿಂತ ಎಷ್ಟೋ ಪಾಲು ಘೋರ. ಹಾಗಾಗಿ ಔಷಧ ಲೇಪಿತ ಸ್ಟೆಂಟ್ ಹಾಕಿದ ಮೇಲೆ, ಮುಂದೂಡಬಹುದಾದ ಆಪರೇಷನ್ ಯಾವುದೇ ಇರಲಿ, 6 ತಿಂಗಳಾದರೂ ಕಾಯಬೇಕು. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರೆ 12 ತಿಂಗಳು. ಆಮೇಲೂ ಕ್ಲೊಪಿಡೊಗ್ರೆಲ್ ಅನ್ನು 5 ದಿನ, ಟಿಕಾಗ್ರೆಲಾರ್ ಅನ್ನು 3ರಿಂದ 5 ದಿನ, ಪ್ರಾಸುಗ್ರೆಲ್ ಅನ್ನು 7 ದಿನ ಮುಂಚೆ ನಿಲ್ಲಿಸಿದರೂ ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ಮಿದುಳು, ಬೆನ್ನುಹುರಿಯಂಥ ಕಡೆ ಮಾತ್ರ ಬೇರೆ ಲೆಕ್ಕ, ಏಕೆಂದರೆ ಅಲ್ಲಿ ಒಂದು ಚಮಚ ರಕ್ತ ನಿಂತರೂ ಕಷ್ಟ.

ದಿನ ಎಣಿಸುವುದರಲ್ಲೂ ಜನ ಎಡವುತ್ತಾರೆ. ‘ವಾರ್ಫರಿನ್ 5 ದಿನ ಮುಂಚೆ ನಿಲ್ಲಿಸಿ’ ಎಂದರೆ 5 ಡೋಸ್ ತಪ್ಪಬೇಕು ಎಂದರ್ಥ. ಗುರುವಾರ ಆಪರೇಷನ್ ಎನ್ನಿ. ಬುಧ, ಮಂಗಳ, ಸೋಮ, ಭಾನು, ಶನಿ ಈ ಐದು ದಿನ ಮಾತ್ರೆ ಇಲ್ಲ. ಕೊನೆಯ ಮಾತ್ರೆ ಶುಕ್ರವಾರ ರಾತ್ರಿಯದು. ಶನಿವಾರ ರಾತ್ರಿಯೂ ನುಂಗಿದವರು ‘ಐದು ದಿನ ಮುಂಚೆಯೇ ನಿಲ್ಲಿಸಿದೆ’ ಎಂದೇ ಹೇಳುತ್ತಾರೆ, ಆದರೆ ತಪ್ಪಿದ್ದು ನಾಲ್ಕು ಡೋಸ್. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐಎನ್‌ಆರ್ ಪರೀಕ್ಷೆಯನ್ನು ಬುಧವಾರ ಮಾಡಿಸಿದರೆ 1.5ಕ್ಕಿಂತ ಕೆಳಗೆ ಬಂದಿದೆಯೋ ಇಲ್ಲವೋ ತಿಳಿಯುತ್ತದೆ, ಬಂದಿಲ್ಲದಿದ್ದರೆ ಏನಾದರೂ ಮಾಡಲು ಒಂದು ದಿನ ಕೈಯಲ್ಲಿರುತ್ತದೆ. ಆಪರೇಷನ್ ಬೆಳಗ್ಗೆ ಮೊದಲ ಸಲ ನೋಡಿದರೆ ರದ್ದು ಮಾಡುವುದೊಂದೇ ಉಳಿಯುವ ದಾರಿ. ಅಸಿನೊಕೂಮರಾಲ್ ದೇಹದಿಂದ ಬೇಗ ಇಳಿಯುತ್ತದೆ, ಅದಕ್ಕೆ 2ರಿಂದ 3 ದಿನ. ಅಪಿಕ್ಸಬಾನ್, ರಿವರೊಕ್ಸಬಾನ್ ಅನ್ನು ರಕ್ತಸ್ರಾವ ಕಡಿಮೆ ಇರುವ ಆಪರೇಷನ್‌ಗೆ ಪೂರ್ತಿ 1 ದಿನ, ದೊಡ್ಡದಕ್ಕೆ ಪೂರ್ತಿ 2 ದಿನ ಬಿಡಬೇಕು. ಡಾಬಿಗಾಟ್ರಾನ್ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ದಾರಿಯಲ್ಲಿ. ಕಿಡ್ನಿ ಸೋತಿದ್ದರೆ ದೊಡ್ಡ ಆಪರೇಷನ್‌ಗೆ 4 ದಿನ ಬೇಕಾಗುತ್ತದೆ. ಸೊಂಟಕ್ಕೆ ಚುಚ್ಚಿ ಕೊಡುವ ಅರಿವಳಿಕೆಯಾದರೆ ಈ ಹೊಸ ಮಾತ್ರೆಗಳಿಗೆಲ್ಲ ಕನಿಷ್ಠ 3 ದಿನದ ಅಂತರ ಕೇಳುತ್ತೇವೆ, ಕಿಡ್ನಿ ಸೋತಿದ್ದರೆ ಡಾಬಿಗಾಟ್ರಾನ್‌ಗೆ ಇನ್ನೂ ಹೆಚ್ಚು. ಬೆನ್ನುಹುರಿಯ ಪಕ್ಕ ರಕ್ತ ಶೇಖರವಾಗಿ ಒತ್ತಿದರೆ ಕೆಲವೇ ಗಂಟೆಗಳಲ್ಲಿ ಅದನ್ನು ತೆಗೆಯದಿದ್ದರೆ ಕಾಲುಗಳ ಶಕ್ತಿ ಮರಳಿ ಬಾರದೇ ಹೋಗಬಹುದು. ಆಸ್ಪಿರಿನ್ ಒಂದನ್ನೇ ತಗೊಳ್ಳುವವರಿಗೆ ಈ ಭಯ ಬೇಡ.

ಮಾತ್ರೆ ನಿಲ್ಲಿಸಿದ ದಿನಗಳಿಗೆ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಚುಚ್ಚುಮದ್ದು ಕೊಡುವ ರೂಢಿ ಇನ್ನೂ ಹಲವರಲ್ಲಿದೆ. ಹೃದಯ ಬಡಿತದ ಲಯ ತಪ್ಪಿದ್ದಕ್ಕೆಂದು ವಾರ್ಫರಿನ್ ತಗೊಳ್ಳುವ ಬಹುತೇಕರಿಗೆ ಇದು ಬೇಕಿಲ್ಲ. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಚುಚ್ಚುಮದ್ದು ಪಡೆದವರಿಗೆ ಹೆಪ್ಪುಗಟ್ಟುವ ತೊಂದರೆಯೇನೂ ಕಡಿಮೆಯಾಗಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಎಡಗಡೆಯ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವಂಥವರಿಗೆ ಅದು ಬೇಕು. ಇನ್ನು ಹಲ್ಲು ಕೀಳಿಸಲು, ಕಣ್ಣಿನ ಪೊರೆ ತೆಗೆಸಲು ವಾರಗಟ್ಟಲೆ ಆಸ್ಪಿರಿನ್ ಬಿಟ್ಟು ಬರುವವರನ್ನು ನೋಡಿದರೆ ಬೇಸರವಾಗುತ್ತದೆ. ಹಲ್ಲಿನ ಗುಳಿಗೆ ಹತ್ತಿ ಒತ್ತಿ ಹಿಡಿದು, ಬೇಕಾದರೆ ಒಂದು ಹೊಲಿಗೆ ಹಾಕಿದರೆ ನಿಲ್ಲುವ ರಕ್ತಕ್ಕಾಗಿ ಹೃದಯವನ್ನು ಪಣಕ್ಕಿಡುವುದು ಯಾವ ನ್ಯಾಯ? ಪೊರೆಯ ವಿಷಯದಲ್ಲಿ ಕಣ್ಣಿನ ವೈದ್ಯರಿಗೆ ಹೇಳಲೇಬೇಕಾದ ಮಾತ್ರೆ ಬೇರೆಯೇ ಇದೆ: ಮೂತ್ರ ಸರಾಗವಾಗಲೆಂದು ಗಂಡಸರು ತಗೊಳ್ಳುವ ಟ್ಯಾಮ್ಸುಲೋಸಿನ್. ಅದು ಕಣ್ಣಿನ ಪಾಪೆಯ ಸುತ್ತಲ ಪದರವನ್ನು ಸಡಿಲ ಬಟ್ಟೆಯಂತೆ ಮಾಡಿಬಿಡುತ್ತದೆ. ನಿಲ್ಲಿಸಿದರೂ ಆ ಗುಣ ಹೋಗುವುದಿಲ್ಲ; ಮೊದಲೇ ತಿಳಿದಿದ್ದರೆ ವೈದ್ಯರು ತಯಾರಾಗಿರುತ್ತಾರೆ.

ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಬರೋಣ. ಊಟವಿಲ್ಲದೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತಗೊಂಡರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ತಲೆ ತಿರುಗಿ ಬೀಳುತ್ತಾರೆ. ಅವು ಆ ಬೆಳಗ್ಗೆ ಬೇಡ. ಮೆಟ್‌ಫಾರ್ಮಿನ್ ಕೂಡ ಆ ದಿನ ಬಿಡುವುದು ವಾಡಿಕೆ. ಇವು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಇರುವ ಗುಂಪು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಸಾಗಿಸುತ್ತವೆ. ಇವನ್ನು ಪೂರ್ತಿ 3 ದಿನ ಮುಂಚೆ, ಎರ್ಟುಗ್ಲಿಫ್ಲೋಜಿನ್ ಆದರೆ 4 ದಿನ ಮುಂಚೆ ಬಿಡಬೇಕು. ಗುರುವಾರ ಆಪರೇಷನ್ ಎಂದರೆ 3 ದಿನದ ಲೆಕ್ಕಕ್ಕೆ ಕೊನೆಯ ಮಾತ್ರೆ ಭಾನುವಾರ. ಈಗ ಇವನ್ನು ಸಕ್ಕರೆ ಕಾಯಿಲೆ ಇಲ್ಲದವರಿಗೂ ಹೃದಯಕ್ಕೆ, ಕಿಡ್ನಿಗೆ ಎಂದು ಕೊಡುತ್ತಾರೆ. ಹಾಗಾಗಿ ‘ಶುಗರ್ ಇದೆಯಾ?’ ಎಂದು ಮಾತ್ರ ಕೇಳಿದರೆ ಇದು ಕಣ್ತಪ್ಪಿಹೋಗುತ್ತದೆ.

ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ಆಪರೇಷನ್ ಮುಗಿದ ಮರುದಿನ ರೋಗಿಗೆ ವಾಕರಿಕೆ, ಹೊಟ್ಟೆನೋವು, ಏನೋ ಸುಸ್ತು. ಉಸಿರು ದೀರ್ಘವಾಗಿ, ಬೇಗ ಬೇಗ ಹೋಗುತ್ತಿದೆ. ನರ್ಸ್ ಬೆರಳು ಚುಚ್ಚಿ ನೋಡುತ್ತಾರೆ: 170. ‘ಸಕ್ಕರೆ ಚೆನ್ನಾಗಿದೆ’ ಎಂದು ಚಾರ್ಟ್‌ನಲ್ಲಿ ಬರೆಯುತ್ತಾರೆ. ವಾಂತಿ ಅರಿವಳಿಕೆಯಿಂದ, ನೋವು ಹೊಲಿಗೆಯಿಂದ ಎಂದು ಎಲ್ಲರೂ ಸಮಾಧಾನ ಪಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ರಕ್ತ ಆಮ್ಲವಾಗುತ್ತಿರುತ್ತದೆ. ಉಪವಾಸ ಮತ್ತು ಆಪರೇಷನ್‌ನ ಒತ್ತಡದಲ್ಲಿ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡುತ್ತದೆ. ಸಕ್ಕರೆ ಮಾತ್ರ ಮೂತ್ರದಲ್ಲಿ ಹೋಗುತ್ತಿರುವುದರಿಂದ ಗ್ಲೂಕೋಮೀಟರ್‌ನಲ್ಲಿ ಏರುವುದೇ ಇಲ್ಲ. ಸಕ್ಕರೆ 250 ದಾಟಿದರೆ ಮಾತ್ರ ಕೀಟೋಆಸಿಡೋಸಿಸ್ (ಕೀಟೋನ್‌ನಿಂದ ರಕ್ತ ಆಮ್ಲವಾಗುವುದು) ಎಂದು ಕಲಿತ ಕಣ್ಣಿಗೆ ಇದು ಕಾಣುವುದಿಲ್ಲ. ನೋಡಬೇಕಾದದ್ದು ರಕ್ತದ ಕೀಟೋನ್. ಸಾಮಾನ್ಯವಾಗಿ ಅದು 0.6ರ ಒಳಗಿರುತ್ತದೆ, 3 ದಾಟಿದರೆ ಐಸಿಯು ಕೇಸು. ಚಿಕಿತ್ಸೆಯೂ ನೋಡಿದವರಿಗೆ ವಿಚಿತ್ರ: ಒಂದು ಕೈಗೆ ಗ್ಲೂಕೋಸ್ ಡ್ರಿಪ್, ಇನ್ನೊಂದು ಕೈಗೆ ಇನ್ಸುಲಿನ್. ಸಕ್ಕರೆ ಸರಿ ಇದೆಯಲ್ಲ ಎಂದು ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್ ಮತ್ತೆ ಏರುತ್ತದೆ.

ಇನ್ಸುಲಿನ್ ತಗೊಳ್ಳುವವರಿಗೆ ‘ಊಟ ಇಲ್ಲ, ಇನ್ಸುಲಿನ್ ಬೇಡ’ ಎಂಬ ಸೂತ್ರ ಹೇಳಿಬಿಡುತ್ತಾರೆ. ಊಟಕ್ಕೆ ಮುಂಚೆ ಹಾಕುವ, ಬೇಗ ಕೆಲಸ ಮಾಡುವ ಇನ್ಸುಲಿನ್‌ಗೆ ಇದು ಸರಿ. ರಾತ್ರಿ ಹಾಕುವ ಗ್ಲಾರ್ಜಿನ್‌ನಂಥ ದೀರ್ಘ ಅವಧಿಯದಕ್ಕೆ ಸರಿಯಲ್ಲ. ಹಿಂದಿನ ರಾತ್ರಿ ಅದರ 75ರಿಂದ 80 ಶೇಕಡ ಹಾಕಿಕೊಳ್ಳಬೇಕು. 20 ಯೂನಿಟ್ ಹಾಕುವವರು 15 ಅಥವಾ 16. ಬೆಳಗ್ಗೆ ಹಾಕುವ ಎನ್‌ಪಿಎಚ್ ಎಂಬ ಮಧ್ಯಮ ಅವಧಿಯ ಇನ್ಸುಲಿನ್ ಅಥವಾ ಮಿಶ್ರ ಇನ್ಸುಲಿನ್ ಆದರೆ ಅರ್ಧ. ಚಿಕ್ಕ ವಯಸ್ಸಿನಿಂದಲೇ ಇನ್ಸುಲಿನ್ ಮೇಲೆ ಬದುಕುತ್ತಿರುವ ಟೈಪ್ 1 ರೋಗಿಗೆ ದೀರ್ಘ ಅವಧಿಯದನ್ನು ಪೂರ್ತಿ ನಿಲ್ಲಿಸುವುದೆಂದರೆ ಕೈಯಾರೆ ಐಸಿಯುಗೆ ಕಳಿಸಿದಂತೆ. ಇಂಥವರ ಆಪರೇಷನ್ ಬೆಳಗಿನ ಮೊದಲ ಸರದಿಗೇ ಇರಬೇಕು. ಸಕ್ಕರೆ 100ರಿಂದ 180ರ ಒಳಗಿದ್ದರೆ ಚೆನ್ನ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 8ರ ಮೇಲಿದ್ದು ಆಪರೇಷನ್ ತುರ್ತಿಲ್ಲವಾದರೆ, ಅದನ್ನು ಇಳಿಸಿಕೊಂಡು ಬರುವುದು ಗಾಯ ಬೇಗ ಮಾಯಲೂ ಸೋಂಕು ತಪ್ಪಲೂ ಒಳ್ಳೆಯದು.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ನಂಥ, ತೂಕ ಇಳಿಸಲೂ ಬಳಸುವ ಔಷಧಗಳು ಹೊಸ ತಲೆನೋವು. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. 8 ಗಂಟೆ ಉಪವಾಸ ಇದ್ದವರ ಹೊಟ್ಟೆಯಲ್ಲೂ ಊಟ ಹಾಗೇ ಇರಬಹುದು. ಅಮೆರಿಕದ ಅರಿವಳಿಕೆ ವೈದ್ಯರ ಸಂಘ 2023ರಲ್ಲಿ ಒಂದು ವಾರ ಮುಂಚೆ ನಿಲ್ಲಿಸಿ ಎಂದಿತು. 2024ರಲ್ಲಿ ಹಲವು ಸಂಘಗಳು ಸೇರಿ, ಎಲ್ಲರಿಗೂ ನಿಲ್ಲಿಸಬೇಕಿಲ್ಲ, ವಾಕರಿಕೆ, ಹೊಟ್ಟೆಯುಬ್ಬರ ಇರುವವರು ಮತ್ತು ಡೋಸ್ ಏರಿಸುತ್ತಿರುವವರ ಬಗ್ಗೆ ಹೆಚ್ಚು ಎಚ್ಚರ ಇರಲಿ, ಅಂಥವರು ಹಿಂದಿನ 24 ಗಂಟೆ ದ್ರವ ಆಹಾರದಲ್ಲೇ ಇರಲಿ ಎಂದವು. ತೂಕ ಇಳಿಸುವ ಚುಚ್ಚುಮದ್ದನ್ನು ‘ಔಷಧ’ ಎಂದೇ ಭಾವಿಸದೆ ಹೇಳದೆ ಬಿಡುವವರಿದ್ದಾರೆ. ದಯವಿಟ್ಟು ಹೇಳಿ.

ಬಿಪಿ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಅಟೆನೊಲಾಲ್ ಇವು ‘ಒಲಾಲ್’ ಮನೆತನದವು. ಇವನ್ನು ಬಿಟ್ಟರೆ ಹೃದಯ ಕಟ್ಟು ಬಿಚ್ಚಿದ ಕುದುರೆಯಂತೆ ಓಡುತ್ತದೆ. ಆ ದಿನ ಬೆಳಗ್ಗೆಯೂ ಬೇಕು. ಹಾಗೆಂದು ಹಿಂದೆಂದೂ ತಗೊಳ್ಳದವರಿಗೆ ಆಪರೇಷನ್ ದಿನವೇ ಶುರು ಮಾಡುವುದೂ ತಪ್ಪು. 2008ರ ದೊಡ್ಡ ಅಧ್ಯಯನದಲ್ಲಿ ಹಾಗೆ ಮೆಟೊಪ್ರೊಲಾಲ್ ಕೊಟ್ಟಾಗ ಹೃದಯಾಘಾತ ಕಡಿಮೆಯಾಯಿತು, ಪಾರ್ಶ್ವವಾಯು ಮತ್ತು ಸಾವು ಹೆಚ್ಚಿದವು. ಕ್ಲೊನಿಡಿನ್ ಬಿಟ್ಟರೆ ಬಿಪಿ ಪುಟಿದೇಳುತ್ತದೆ, ಅದೂ ಬೇಕು. ಆಮ್ಲೊಡಿಪಿನ್, ಕೊಲೆಸ್ಟ್ರಾಲ್ ಮಾತ್ರೆ ನಡೆಯಲಿ. ‘ಪ್ರಿಲ್’, ‘ಸಾರ್ಟಾನ್’ ಎಂದು ಮುಗಿಯುವ ಎನಾಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಮಾತ್ರ 24 ಗಂಟೆ ಮುಂಚೆ ಬಿಡುವುದು ನಮಗೆ ಅನುಕೂಲ. ಇವನ್ನು ನುಂಗಿ ಬಂದವರ ಬಿಪಿ ಅರಿವಳಿಕೆಯಲ್ಲಿ ಕುಸಿದರೆ ಮಾಮೂಲಿ ಇಂಜೆಕ್ಷನ್‌ಗೆ ಜಗ್ಗುವುದಿಲ್ಲ. ಇದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. 2024ರಲ್ಲಿ ಹೊರಬಂದ ಫ್ರಾನ್ಸ್‌ನ ಅಧ್ಯಯನ, ಮುಂದುವರಿಸಿದವರಲ್ಲಿ ಬಿಪಿ ಹೆಚ್ಚು ಬಾರಿ ಕುಸಿದರೂ ಒಟ್ಟು ತೊಂದರೆ, ಸಾವುಗಳಲ್ಲಿ ವ್ಯತ್ಯಾಸವಿಲ್ಲ ಎಂದಿತು. ಹೃದಯ ದುರ್ಬಲವಾಗಿರುವುದಕ್ಕೆಂದೇ ಕೊಟ್ಟಿದ್ದರೆ ಮುಂದುವರಿಸುವುದೂ ಉಂಟು. ಹಾಗಾಗಿ ಮರೆತು ನುಂಗಿದ್ದರೆ ಹೆದರಬೇಕಿಲ್ಲ, ಬಚ್ಚಿಡಬೇಡಿ, ಅಷ್ಟೆ. ಮೂತ್ರ ಹೋಗಿಸುವ ಮಾತ್ರೆ ಆ ಬೆಳಗ್ಗೆ ಬೇಡ. ಗಾಬರಿಯಲ್ಲಿ ಬಿಪಿ ಏರುವುದು ಸಹಜ. 180/110ರ ಒಳಗಿದ್ದರೆ ಅದೊಂದೇ ಕಾರಣಕ್ಕೆ ಆಪರೇಷನ್ ರದ್ದು ಮಾಡುವುದು ಸರಿಯಲ್ಲ.

ಸ್ಟೀರಾಯ್ಡ್ ವಿಷಯ ಸ್ವಲ್ಪ ನಿಂತು ಹೇಳಬೇಕು. ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ಅಥವಾ ಹೆಚ್ಚು, ನಾಲ್ಕು ವಾರ ಅಥವಾ ಹೆಚ್ಚು ತಗೊಂಡವರ ಅಡ್ರಿನಲ್ ಗ್ರಂಥಿ, ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವ ಗ್ರಂಥಿ, ‘ಹೊರಗಿನಿಂದ ಬರುತ್ತಿದೆಯಲ್ಲ’ ಎಂದು ಮಲಗಿಬಿಡುತ್ತದೆ. ಆಪರೇಷನ್‌ನ ಹೊತ್ತಿಗೆ ದೇಹಕ್ಕೆ ಕಾರ್ಟಿಸಾಲ್ ಹೆಚ್ಚು ಬೇಕು. ಮಾತ್ರೆ ನಿಲ್ಲಿಸಿ ಬಂದರೆ ಬಿಪಿ ಪಾತಾಳಕ್ಕಿಳಿಯುತ್ತದೆ, ಡ್ರಿಪ್‌ಗೂ ಏಳುವುದಿಲ್ಲ. ಕಾರ್ಟಿಸೋನ್ ನಿಲ್ಲಿಸಿ ಆಪರೇಷನ್ ಮಾಡಿದ ರೋಗಿ ಹೀಗೆ ಸತ್ತದ್ದು 1952ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಮಾತ್ರೆ ಮುಂದುವರಿಸಿ, ಅರಿವಳಿಕೆಯ ಹೊತ್ತಿಗೆ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಕೊಟ್ಟರೆ ಈ ಅನಾಹುತ ತಪ್ಪಿಸಬಹುದು. ತೊಡಕಿರುವುದು ರೋಗಿಗೇ ತಾನು ಸ್ಟೀರಾಯ್ಡ್ ತಗೊಳ್ಳುತ್ತಿದ್ದೇನೆಂದು ಗೊತ್ತಿಲ್ಲದಿದ್ದಾಗ. ಕೀಲುನೋವಿಗೆ, ಉಬ್ಬಸಕ್ಕೆ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಮುಖ ದುಂಡಗಾಗಿ, ಚರ್ಮ ತೆಳುವಾಗಿ, ಮುಟ್ಟಿದಲ್ಲಿ ಕಂದುತ್ತಿದ್ದರೆ ನಾವು ಕೇಳಿಯೇ ಕೇಳುತ್ತೇವೆ. ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಎನ್ನದೆ ಆ ಪೊಟ್ಟಣವನ್ನೂ ಚೀಲಕ್ಕೆ ಹಾಕಿ. ಗಿಂಕೊ, ಬೆಳ್ಳುಳ್ಳಿಯ ಸಾರದ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಎರಡು ವಾರ ಮುಂಚೆಯೇ ನಿಲ್ಲಿಸುವುದು ಕ್ಷೇಮ.

ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಲೆವೆಟಿರಾಸಿಟಮ್, ವಾಲ್ಪ್ರೊಯೇಟ್, ಫೆನಿಟೊಯಿನ್ ಚುಚ್ಚುಮದ್ದಿನ ರೂಪದಲ್ಲಿ ಇವೆ, ಬಾಯಿಗೆ ಕೊಡಲಾಗದಿದ್ದರೆ ಆ ದಾರಿ ಉಂಟು. ಇದಕ್ಕಿಂತಲೂ ಗಡಿಯಾರ ನೋಡಿ ಕೊಡಬೇಕಾದದ್ದು ಕೈಕಾಲು ನಡುಗಿ ಬಿಗಿಯುವ ಪಾರ್ಕಿನ್ಸನ್ಸ್ ಕಾಯಿಲೆಯ ಲೆವೊಡೋಪಾ. ರಕ್ತದಲ್ಲಿ ಅದರ ಪ್ರಮಾಣ ಒಂದೂವರೆ ಗಂಟೆಗೇ ಅರ್ಧಕ್ಕಿಳಿಯುತ್ತದೆ. ಎರಡು ಡೋಸ್ ತಪ್ಪಿದರೆ ರೋಗಿ ಮರದ ಕೊರಡಿನಂತೆ ಬಿಗಿದು, ನುಂಗಲಾಗದೆ, ಕೆಮ್ಮಲಾಗದೆ, ಎಂಜಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ‘ವಾರ್ಡ್‌ನಲ್ಲಿ ಮಾತ್ರೆ ಕೊಡುವ ಹೊತ್ತು ಎಂಟು ಗಂಟೆ’ ಎಂಬ ನಿಯಮ ಇವರಿಗೆ ಸಲ್ಲದು. ಮನೆಯಲ್ಲಿ ಆರಕ್ಕೆ ಕೊಡುತ್ತಿದ್ದರೆ ಇಲ್ಲೂ ಆರಕ್ಕೇ. ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಕೊಡುವಂತಿಲ್ಲ, ಲೆವೊಡೋಪಾ ಮಿದುಳಿನಲ್ಲಿ ಡೋಪಮಿನ್ ಆಗಿ ಕೆಲಸ ಮಾಡುತ್ತದೆ, ಇದು ಆ ಡೋಪಮಿನ್‌ಗೇ ಅಡ್ಡ ಬರುತ್ತದೆ. ಒಂಡಾನ್ಸೆಟ್ರಾನ್ ಕೊಡಬಹುದು. ಈ ಒಂದು ಸಾಲನ್ನು ಮನೆಯವರು ಕೇಸ್ ಶೀಟ್‌ನ ಮೇಲೆ ದಪ್ಪಗೆ ಬರೆಸಿದರೆ ತಪ್ಪಲ್ಲ.

ಉಳಿದವು ಚುಟುಕಾಗಿ. ಥೈರಾಯ್ಡ್ ಮಾತ್ರೆ ಎಂದಿನಂತೆ, ಒಂದು ದಿನ ತಪ್ಪಿದರೂ ನಷ್ಟವಿಲ್ಲ. ಇನ್‌ಹೇಲರ್ ಆ ಬೆಳಗ್ಗೆ ಎಳೆದುಕೊಂಡೇ ಬನ್ನಿ, ಜೊತೆಗೂ ತನ್ನಿ. ಖಿನ್ನತೆಯ ಮಾತ್ರೆ ಸಾಮಾನ್ಯವಾಗಿ ಮುಂದುವರಿಯುತ್ತದೆ. ಲಿಥಿಯಂ ಇದ್ದರೆ ಮುಂಚಿತವಾಗಿ ಹೇಳಿ, ಕೆಲವು ನೋವು ಮಾತ್ರೆಗಳು ಅದರ ಮಟ್ಟವನ್ನು ವಿಷದ ಹಂತಕ್ಕೇರಿಸುತ್ತವೆ. ಮಲಗುವಾಗ ಉಸಿರಿನ ದಾರಿ ಮುಚ್ಚದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಳಸುವವರು ಅದನ್ನೂ ಹೊತ್ತು ತನ್ನಿ.

ಮಾತ್ರೆಗಳ ಆಚೆಗೂ ಕೆಲವು ದಿನಗಳ ಲೆಕ್ಕವಿದೆ. ಹೃದಯಾಘಾತವಾದ ಮೇಲೆ ತುರ್ತಲ್ಲದ ಆಪರೇಷನ್‌ಗೆ 60 ದಿನವಾದರೂ, ಪಾರ್ಶ್ವವಾಯುವಾದ ಮೇಲೆ 3 ತಿಂಗಳಾದರೂ ಕಾಯಬೇಕು. ರಕ್ತ ಹೆಚ್ಚು ಹೋಗುವ ಆಪರೇಷನ್ ಆದರೆ ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆ ಇರುವವರ, ಹೆಂಗಸರನ್ನೂ ಸೇರಿಸಿ, ಕಬ್ಬಿಣದ ಅಂಶ ಪರೀಕ್ಷಿಸಬೇಕು. ಹೆಂಗಸರಿಗೆ 11 ಇದ್ದರೆ ‘ಪರವಾಗಿಲ್ಲ’ ಎನ್ನುವ ಅಭ್ಯಾಸ ಬಿಡಬೇಕು. ಚಿಕ್ಕ ಮೈಯಲ್ಲಿ ರಕ್ತವೂ ಕಡಿಮೆ, ಹೋಗುವುದು ಮಾತ್ರ ಅಷ್ಟೇ. ಆರೆಂಟು ವಾರ ಸಮಯವಿದ್ದರೆ ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ ಸಾಕು, ಹಾಗೆ ಕೊಟ್ಟಾಗ ಕರುಳು ಚೆನ್ನಾಗಿ ಹೀರುತ್ತದೆ. ಸಮಯ ಕಡಿಮೆ ಇದ್ದರೆ ರಕ್ತನಾಳಕ್ಕೇ ಕೊಡಬೇಕು. ಬೀಡಿ, ಸಿಗರೇಟು ನಾಲ್ಕು ವಾರ ಮುಂಚೆ ಬಿಟ್ಟರೆ ಶ್ವಾಸಕೋಶಕ್ಕೂ ಗಾಯಕ್ಕೂ ಲಾಭ. ಒಂದು ದಿನ ಮುಂಚೆ ಬಿಟ್ಟರೂ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಇಳಿದು ಆಮ್ಲಜನಕಕ್ಕೆ ಜಾಗವಾಗುತ್ತದೆ. ದಿನವೂ ಕುಡಿಯುವವರು ಮನೆಯವರೆದುರು ‘ಯಾವಾಗಲೋ ಒಮ್ಮೆ’ ಎನ್ನುತ್ತಾರೆ. ಎರಡರಿಂದ ನಾಲ್ಕನೇ ದಿನದೊಳಗೆ ಕೈ ನಡುಗಿ, ಬೆವರಿ, ಗೋಡೆಯ ಮೇಲೆ ಹುಳ ಹರಿದಂತೆ ಕಂಡು ಡ್ರಿಪ್ ಕಿತ್ತೆಸೆದಾಗ ನಿಜ ಹೊರಬೀಳುತ್ತದೆ. ಈ ಪ್ರಶ್ನೆಯನ್ನು ವೈದ್ಯರು ರೋಗಿಯೊಬ್ಬರೇ ಇದ್ದಾಗ ಕೇಳುವುದು ಮೇಲು.

ಕೊನೆಯದಾಗಿ ‘ಫಿಟ್‌ನೆಸ್’ ಚೀಟಿ. ಹೃದಯದ ವೈದ್ಯರ ಬಳಿ ಹೋಗಿ ‘ಫಿಟ್’ ಎಂದು ಬರೆಸಿಕೊಂಡು ಬನ್ನಿ ಎನ್ನುತ್ತಾರೆ. ಬರುವ ಕಾಗದದಲ್ಲಿ ‘ಸಾಧಾರಣ ಅಪಾಯದೊಂದಿಗೆ ಫಿಟ್’ ಎಂದಷ್ಟೇ ಇರುತ್ತದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ನಮಗೆ ಬೇಕಿರುವುದು ಆ ಮುದ್ರೆಯಲ್ಲ. ಸ್ಟೆಂಟ್ ಯಾವಾಗ ಹಾಕಿದ್ದು, ಯಾವ ಜಾತಿಯದು, ಆಸ್ಪಿರಿನ್ ಜೊತೆಗಿನ ಎರಡನೇ ಮಾತ್ರೆ ನಿಲ್ಲಿಸಬಹುದೇ, ರೋಗಿ ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರೆಯೇ, ಪೇಸ್‌ಮೇಕರ್ ಇದ್ದರೆ ಕೊನೆಯ ತಪಾಸಣೆ ಯಾವಾಗ ಆಯಿತು, ಬೇಕಿರುವುದು ಈ ಉತ್ತರಗಳು. ಮಾತ್ರೆ ನಿಲ್ಲಿಸುವ ಬಗ್ಗೆ ಸರ್ಜನ್ ಒಂದು, ಹೃದಯದ ವೈದ್ಯರು ಒಂದು, ಅರಿವಳಿಕೆಯವರು ಇನ್ನೊಂದು ಹೇಳಿದರೆ ಅದನ್ನು ಬಗೆಹರಿಸಿಕೊಳ್ಳಬೇಕಾದವರು ಆ ಮೂವರು; ರೋಗಿಯ ಮಗನನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿಸುವುದಲ್ಲ. ಬಗೆಹರಿದ ಮೇಲೆ ಒಬ್ಬರು ಹಾಳೆಗೆ ಸಹಿ ಹಾಕಲಿ.

ಆ ಹಾಳೆಯಲ್ಲಿ ಖಾಲಿ ಉಳಿಯುವುದು ಯಾವಾಗಲೂ ಮೂರನೇ ಕಾಲಂ. ನಿಲ್ಲಿಸಲು ಹೇಳುವವರಿಗೆ ಶುರು ಮಾಡಲು ಹೇಳುವುದು ಮರೆತುಹೋಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಆಂಟಿಬಯಾಟಿಕ್, ನೋವಿನ ಮಾತ್ರೆ, ಗ್ಯಾಸ್ ಮಾತ್ರೆ ಇರುತ್ತವೆ, ಕ್ಲೊಪಿಡೊಗ್ರೆಲ್ ಇರುವುದಿಲ್ಲ. ಚೀಟಿಯಲ್ಲಿಲ್ಲದ್ದನ್ನು ಮನೆಯವರು ಕೊಡುವುದಿಲ್ಲ. ವಾರ್ಫರಿನ್ ಅನ್ನು ರಕ್ತ ನಿಂತಿದ್ದರೆ ಅದೇ ರಾತ್ರಿಯೋ ಮರುದಿನವೋ ಶುರು ಮಾಡಬಹುದು, ಅದು ಹಿಡಿಯಲೇ ಐದಾರು ದಿನ ಬೇಕು. ಅಪಿಕ್ಸಬಾನ್‌ನಂಥವು ನುಂಗಿದ ಕೆಲವೇ ಗಂಟೆಗಳಲ್ಲಿ ಹಿಡಿಯುತ್ತವೆ, ಆದ್ದರಿಂದ ದೊಡ್ಡ ಆಪರೇಷನ್ ಆದ ಮೇಲೆ ಎರಡು ಮೂರು ದಿನ ತಡೆಯಬೇಕು. ‘ಸಾರ್ಟಾನ್’ ಮಾತ್ರೆ ಬಿಪಿ ಸ್ಥಿರವಾದರೆ 48 ಗಂಟೆಯೊಳಗೆ. ‘ಗ್ಲಿಫ್ಲೋಜಿನ್’ ಮಾತ್ರೆ ರೋಗಿ ಎಂದಿನಂತೆ ಊಟ ಮಾಡುವವರೆಗೂ ಬೇಡ. ಹೀಗೆ ದಿನಾಂಕ ಸಮೇತ ಬರೆದ ಆ ಕಾಲಂ ತುಂಬದೆ ಡಿಸ್ಚಾರ್ಜ್ ಚೀಟಿಗೆ ಸಹಿ ಬೀಳಬಾರದು ಎಂಬುದು ಆಸ್ಪತ್ರೆಗಳಿಗೆ ನಮ್ಮ ಕೋರಿಕೆ.

— ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡುವ ಕೆಲವು ವೈದ್ಯರು